ಬ್ರೌಸರ್ ತೆರೆಯುತ್ತದೆ, ಲೆಕ್ಕದ ಆ್ಯಪ್ ಮಾತ್ರ ಕನೆಕ್ಟ್ ಆಗುತ್ತಿಲ್ಲ

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ ಒಂದರ ಗುಮಾಸ್ತರಿಂದ

ಸರ್, ನಮಸ್ಕಾರ. ನಮ್ಮ ಮಿಲ್ಲಿನ ಬಿಲ್ಲು ಮತ್ತು ಸ್ಟಾಕಿನ ಲೆಕ್ಕವೆಲ್ಲ ಆಫೀಸಿನ ಡೆಸ್ಕ್‌ಟಾಪಿನಲ್ಲಿದೆ. ನಾನು ವೇಬ್ರಿಡ್ಜ್ ಪಕ್ಕದ ಕೋಣೆಯಲ್ಲಿ ಕುಳಿತು, ಅದೇ ಆಫೀಸಿನ ವೈಫೈ ಮೂಲಕ ಲ್ಯಾಪ್‌ಟಾಪಿನಲ್ಲಿ ಲೆಕ್ಕದ ಆ್ಯಪ್ ತೆರೆದು ಲಾರಿಗಳ ಬಿಲ್ ಹಾಕುತ್ತೇನೆ. ಮೊನ್ನೆ ಸಂಜೆ ಕರೆಂಟ್ ಹೋಗಿ ಬಂದಾಗಿನಿಂದ ಆ್ಯಪ್ ‘ಸರ್ವರ್ ಸಿಗುತ್ತಿಲ್ಲ’ ಎಂದು ತೋರಿಸುತ್ತಿದೆ. ಬ್ರೌಸರಿನಲ್ಲಿ ಇ-ವೇ ಬಿಲ್ ಪುಟ ತೆರೆಯುತ್ತದೆ, ವಾಟ್ಸಾಪ್ ಕೂಡ ನಡೆಯುತ್ತಿದೆ. ಆ್ಯಪನ್ನು ಎರಡು ಸಲ ತೆಗೆದು ಮತ್ತೆ ಹಾಕಿದೆ. ಪರಿಚಯದವರೊಬ್ಬರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಿದ್ದಾರೆ. ಭತ್ತದ ಸೀಸನ್ ಇರುವುದರಿಂದ ಲಾರಿಗಳು ಸಾಲುಗಟ್ಟಿ ನಿಂತಿವೆ. ಏನು ಮಾಡಲಿ?

ಉತ್ತರ: ಬಳ್ಳಾರಿಯಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಸರ್ವಿಸ್ ಮಾಡುವವರು

ನಮಸ್ಕಾರ ಸರ್. ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಲ್ಯಾಪ್‌ಟಾಪ್ ಕೆಟ್ಟಿರುವ ಲಕ್ಷಣ ನೀವು ಬರೆದದ್ದರಲ್ಲಿ ಎಲ್ಲಿಯೂ ಇಲ್ಲ. ಇ-ವೇ ಬಿಲ್ ಪುಟ ತೆರೆಯುತ್ತದೆ ಎಂದರೆ ಲ್ಯಾಪ್‌ಟಾಪಿನಿಂದ ರೌಟರ್‌ವರೆಗೆ ಮತ್ತು ರೌಟರಿನಿಂದ ಹೊರಗಿನ ಇಂಟರ್‌ನೆಟ್‌ವರೆಗೆ ದಾರಿ ಸರಿಯಾಗಿದೆ. ನಿಮ್ಮ ಲೆಕ್ಕದ ಆ್ಯಪ್ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಅದು ರೌಟರ್ ತನಕ ಹೋಗಿ, ಅಲ್ಲಿಂದ ಒಳಗಡೆಯೇ ತಿರುಗಿ ಆಫೀಸಿನ ಡೆಸ್ಕ್‌ಟಾಪನ್ನು ಹುಡುಕುತ್ತದೆ. ಆದ್ದರಿಂದ ತೊಂದರೆ ಇರುವುದು ಆ ಕೊನೆಯ ತುಂಡಿನಲ್ಲಿ. ಕರೆಂಟ್ ಹೋಗಿ ಬಂದ ಮೇಲೆ ಶುರುವಾಯಿತು ಎಂದು ನೀವು ಬರೆದದ್ದು ನನಗೆ ಬಹಳ ಉಪಯೋಗವಾಯಿತು.

ರೌಟರ್ ತನಗೆ ಜೋಡಿಸಿಕೊಂಡ ಪ್ರತಿಯೊಂದು ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ಅದು ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಇದು ಕಾಯಂ ವಿಳಾಸವಲ್ಲ, ಗೊತ್ತಾದ ಅವಧಿಗೆ ಕೊಟ್ಟ ಬಾಡಿಗೆ ಮನೆಯಂತೆ. ಅಂಗಡಿ, ಮನೆಗಳಲ್ಲಿ ಬಳಸುವ ಬಹಳಷ್ಟು ರೌಟರ್‌ಗಳು ಕರೆಂಟ್ ಹೋದಾಗ ಯಾರಿಗೆ ಯಾವ ಸಂಖ್ಯೆ ಕೊಟ್ಟಿದ್ದೆವು ಎಂಬುದನ್ನು ಮರೆತುಬಿಡುತ್ತವೆ. ಕರೆಂಟ್ ಬಂದ ಕೂಡಲೇ ಎಲ್ಲರ ಮೊಬೈಲುಗಳು ತಾವಾಗಿಯೇ ವೈಫೈಗೆ ಸೇರಿಕೊಳ್ಳುತ್ತವೆ, ಡೆಸ್ಕ್‌ಟಾಪನ್ನು ಯಾರೋ ಸ್ವಲ್ಪ ಹೊತ್ತಿನ ಮೇಲೆ ಆನ್ ಮಾಡುತ್ತಾರೆ. ಅಷ್ಟರಲ್ಲಿ ಅದರ ಹಳೆಯ ಸಂಖ್ಯೆ ಇನ್ನೊಂದು ಸಾಧನಕ್ಕೆ ಹೋಗಿರಬಹುದು. ಆ್ಯಪ್ ಮಾತ್ರ ಸೆಟ್ಟಿಂಗಿನಲ್ಲಿ ಬರೆದಿಟ್ಟ ಹಳೆಯ ಸಂಖ್ಯೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಆ್ಯಪನ್ನು ಎಷ್ಟು ಸಲ ತೆಗೆದು ಹಾಕಿದರೂ ನೀವು ಅದೇ ಹಳೆಯ ಸಂಖ್ಯೆಯನ್ನು ತುಂಬಿದರೆ ಫಲ ಸಿಗುವುದಿಲ್ಲ.

ಡೆಸ್ಕ್‌ಟಾಪಿನಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ಪ್ರಾಪರ್ಟೀಸ್ ಒತ್ತಿದರೆ ‘ಐಪಿವಿ4 ಅಡ್ರೆಸ್’ ಎಂಬ ಸಾಲು ಕಾಣುತ್ತದೆ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು, ಲ್ಯಾಪ್‌ಟಾಪಿನ ಆ್ಯಪಿನಲ್ಲಿ ಸರ್ವರ್ ವಿಳಾಸ ಬರೆದಿರುವ ಜಾಗದೊಂದಿಗೆ ಹೋಲಿಸಿ ನೋಡಿ. ಬೇರೆಯಾಗಿದ್ದರೆ ಹೊಸದನ್ನು ಹಾಕಿ. ಡೆಸ್ಕ್‌ಟಾಪಿನ ಆ ಸಾಲಿನಲ್ಲಿ 169.254 ಎಂದು ಆರಂಭವಾಗುವ ಸಂಖ್ಯೆ ಕಂಡರೆ ಡೆಸ್ಕ್‌ಟಾಪಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ; ಆಗ ಕೇಬಲ್ ಸಡಿಲವಾಗಿದೆಯೇ, ನಡುವಿನ ನೆಟ್‌ವರ್ಕ್ ಸ್ವಿಚ್, ಅಂದರೆ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ, ಆನ್ ಆಗಿದೆಯೇ ನೋಡಿ.

ಸಂಖ್ಯೆ ಸರಿಯಿದ್ದೂ ಕನೆಕ್ಟ್ ಆಗದಿದ್ದರೆ, ಡೆಸ್ಕ್‌ಟಾಪಿನ ಅದೇ ಪುಟದಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೇ ಗಮನಿಸಿ. ಪಬ್ಲಿಕ್ ಆಗಿದ್ದರೆ ವಿಂಡೋಸ್ ಫೈರ್‌ವಾಲ್ ಬೇರೆ ಕಂಪ್ಯೂಟರುಗಳಿಂದ ಒಳಬರುವ ಕರೆಗಳ ಬಗ್ಗೆ ಹೆಚ್ಚು ಬಿಗಿಯಾಗಿರುತ್ತದೆ. ನಿಮ್ಮ ಆಫೀಸಿನ ನಂಬಿಕೆಯ ವೈಫೈಗೆ ಮಾತ್ರ ಅದನ್ನು ‘ಪ್ರೈವೇಟ್’ ಮಾಡಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ಎಂಬ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ. ಮಿಲ್ಲಿನ ಇಡೀ ವರ್ಷದ ಲೆಕ್ಕ ಆ ಯಂತ್ರದಲ್ಲಿದೆ.

ಗುಮಾಸ್ತರ ಮರುಪ್ರಶ್ನೆ

ಸರ್, ತುಂಬಾ ಉಪಕಾರವಾಯಿತು. ಡೆಸ್ಕ್‌ಟಾಪಿನ ಸಂಖ್ಯೆಯ ಕೊನೆಯಲ್ಲಿ 5 ಇದ್ದದ್ದು 9 ಆಗಿತ್ತು. ಬದಲಾಯಿಸಿದ ತಕ್ಷಣ ಆ್ಯಪ್ ತೆರೆದುಕೊಂಡಿತು. ಕರೆಂಟ್ ಹೋದಾಗಲೆಲ್ಲ ಹೀಗೆಯೇ ಮಾಡಬೇಕೇ?

ಉತ್ತರ

ಬೇಕಿಲ್ಲ ಸರ್. ನಿಮ್ಮ ರೌಟರ್ ನೋಡಿಕೊಳ್ಳುವವರಿಗೆ ‘ಡೆಸ್ಕ್‌ಟಾಪಿಗೆ ಅಡ್ರೆಸ್ ರಿಸರ್ವೇಶನ್ ಮಾಡಿಕೊಡಿ’ ಎಂದು ಹೇಳಿ. ಆಗ ರೌಟರ್ ಆ ಯಂತ್ರದ ಮ್ಯಾಕ್ ಸಂಖ್ಯೆಯನ್ನು, ಅಂದರೆ ಅದರ ನೆಟ್‌ವರ್ಕ್ ಭಾಗಕ್ಕೆ ಇರುವ ಗುರುತಿನ ಸಂಖ್ಯೆಯನ್ನು, ಗುರುತಿಟ್ಟುಕೊಂಡು ಪ್ರತಿ ಸಲವೂ ಅದೇ ವಿಳಾಸ ಕೊಡುತ್ತದೆ. ವಿಳಾಸವನ್ನು ಡೆಸ್ಕ್‌ಟಾಪಿನಲ್ಲೇ ಕೈಯಾರೆ ಬರೆದು ನಿಲ್ಲಿಸಬಹುದಾದರೂ, ರೌಟರ್ ಹಂಚುವ ಸಂಖ್ಯೆಗಳ ಹೊರಗಿನದನ್ನು ಆರಿಸದಿದ್ದರೆ ಅದೇ ಸಂಖ್ಯೆ ಮೊಬೈಲಿಗೂ ಹೋಗಿ ಎರಡೂ ತಡವರಿಸುತ್ತವೆ. ರೌಟರಿಗೊಂದು ಸಣ್ಣ ಯುಪಿಎಸ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ರಾಯಚೂರಿನ ಶಿಕ್ಷಕಿಯೊಬ್ಬರಿಂದ

ನಮಸ್ಕಾರ ಸರ್. ನನ್ನ ಸಮಸ್ಯೆಯೂ ಇದೇ ಇರಬಹುದೇ? ಬೇಸಿಗೆ ರಜೆಯಿಡೀ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ. ಈಗ ಮೇಲ್ ಆ್ಯಪ್, ಮೀಟಿಂಗ್ ಆ್ಯಪ್ ಯಾವುದೂ ಕನೆಕ್ಟ್ ಆಗುವುದಿಲ್ಲ. ಬ್ರೌಸರ್ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂದು ಎಚ್ಚರಿಸುತ್ತದೆ. ಅದೇ ವೈಫೈನಲ್ಲಿ ಮೊಬೈಲ್ ಚೆನ್ನಾಗಿ ನಡೆಯುತ್ತಿದೆ.

ಉತ್ತರ

ಮೇಡಂ, ನಿಮ್ಮದು ಬೇರೆಯೇ. ಪರದೆಯ ಕೆಳಗೆ ಬಲಮೂಲೆಯಲ್ಲಿರುವ ತಾರೀಖು ಮತ್ತು ಇಸವಿಯನ್ನು ನೋಡಿ; ಹಳೆಯ ವರ್ಷ ತೋರಿಸುತ್ತಿರಬಹುದೆಂದು ನನ್ನ ಅನಿಸಿಕೆ. ಸುರಕ್ಷಿತ ತಾಣಗಳು ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರ ತೋರಿಸುತ್ತವೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಸಿಂಧು. ಲ್ಯಾಪ್‌ಟಾಪಿನ ಗಡಿಯಾರ ಹಿಂದೆ ಉಳಿದಿದ್ದರೆ, ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ತಿಳಿದು ಅದು ಸಂಪರ್ಕವನ್ನು ನಿರಾಕರಿಸುತ್ತದೆ. ಬ್ರೌಸರ್ ಕಾರಣವನ್ನಾದರೂ ಹೇಳುತ್ತದೆ, ಬಹಳಷ್ಟು ಆ್ಯಪ್‌ಗಳು ‘ಕನೆಕ್ಟ್ ಆಗಲಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ.

ಡೇಟ್ ಆ್ಯಂಡ್ ಟೈಮ್ ಸೆಟ್ಟಿಂಗಿನಲ್ಲಿ ಮೊದಲು ಟೈಮ್ ಝೋನ್ ಭಾರತದ್ದು, ಅಂದರೆ ಯುಟಿಸಿ+05:30 ಇದೆಯೇ ನೋಡಿ, ಆಮೇಲೆ ‘ಸಿಂಕ್ ನೌ’ ಒತ್ತಿ. ಝೋನ್ ತಪ್ಪಿದ್ದು ಗಂಟೆಯನ್ನು ಮಾತ್ರ ಕೈಯಿಂದ ತಿದ್ದಿದರೆ ಪರದೆಯ ಸಮಯ ಸರಿ ಕಂಡರೂ ಒಳಗಿನ ಲೆಕ್ಕ ತಪ್ಪಾಗಿಯೇ ಉಳಿಯುತ್ತದೆ. ಸಿಂಕ್ ಆಗದಿದ್ದರೆ ತಾರೀಖನ್ನು ಕೈಯಾರೆ ಹಾಕಿ. ಚಾರ್ಜ್ ಪೂರ್ತಿ ಇಳಿದಾಗಲೆಲ್ಲ ತಾರೀಖು ಮತ್ತೆ ಹಿಂದೆ ಹೋಗುತ್ತಿದ್ದರೆ, ಒಳಗಿನ ಗಡಿಯಾರದ ಸೆಲ್ ಮುಗಿದಿರಬಹುದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಆಗಿರುತ್ತದೆ. ಕೆಲವು ಹೊಸ ಮಾದರಿಗಳಲ್ಲಿ ಪ್ರತ್ಯೇಕ ಸೆಲ್ ಇರುವುದಿಲ್ಲ. ಸೆಲ್ ಇದ್ದರೆ ಅದನ್ನು ರಿಪೇರಿಯವರಲ್ಲೇ ಬದಲಾಯಿಸಿಕೊಳ್ಳಿ.

ಅಲ್ಲಿಯವರೆಗೆ ಆ ಎಚ್ಚರಿಕೆಯನ್ನು ದಾಟಿ ‘ಆದರೂ ಮುಂದುವರಿಯಿರಿ’ ಎಂಬುದನ್ನು ಒತ್ತಬೇಡಿ, ಬ್ಯಾಂಕಿನ ಪುಟದಲ್ಲಂತೂ ಖಂಡಿತ ಬೇಡ. ತಾರೀಖು ಸರಿಪಡಿಸಿದ ಮೇಲೂ ಅದೇ ಎಚ್ಚರಿಕೆ ಬಂದರೆ ಪರದೆಯ ಚಿತ್ರ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.