ಸಹಾಯ ಬೇಕು: ಬಿಯರ್ ಗ್ಲಾಸಿನ್ಯಾಗ ನೊರಿ ನಿಲ್ಲವಲ್ದು

ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಒಂದು ಸಣ್ಣ ಬಾರ್ ನೋಡ್ಕೋತೀನಿ. ಡ್ರಾಟ್ ಬಿಯರ್ (ನಳದಿಂದ ಹಿಡಿಯೋದು) ಹಾಕಿದ್ರ ಟೇಬಲ್ ಮುಟ್ಟೂದ್ರಾಗ ನೊರಿ ಇಳದು ಹೋಗಾಕತ್ತೈತಿ. ಗ್ಲಾಸಿನ ಒಳಗ ಗುಳ್ಳಿ ಅಂಟ್ಕೊಂಡ ನಿಂತಿರ್ತಾವ. ಅಂದ್ರ ಜಿಡ್ಡು ಉಳದೈತಿ ಅಂತ ಗೊತ್ತೈತ್ರಿ. ಬಿಯರ್ ಕೆಟ್ಟೈತಿ ಅಂತ ಗಿರಾಕಿಗೋಳು ಜಗಳಕ್ಕ ಬರ್ತಾರ, ಅದು ಬ್ಯಾರೆ ಮಾತು.

ಗ್ಲಾಸ್ ಒಳಗ ತೋಯಿಸಿ ಉಪ್ಪು ಉದುರಿಸಿ ನೋಡಿದೆ, ಜಿಡ್ಡು ಇದ್ದಲ್ಲಿ ಉಪ್ಪು ಹತ್ತೂದಿಲ್ಲ. ಕೆಳಗ ಎಲ್ಲಾ ಕಡೆ ಸಮನಾಗಿ ಹತ್ತೇತಿ, ಮ್ಯಾಲಿನ ಅಂಚಿಗೆ ಮಾತ್ರ ಹತ್ತಲೇ ಇಲ್ಲ. ಮಿರ್ಚಿ ತಿಂದ ಬೆರಳು, ತುಟಿ ಎಣ್ಣಿ, ಲಿಪ್‌ಸ್ಟಿಕ್ ಎಲ್ಲಾ ತಾಗೂದು ಅಲ್ಲೇ ಅಲ್ರಿ. ಈಗ ತಾಟಿನ ಸಿಂಕು, ಗ್ಲಾಸಿನ ಸಿಂಕು ಬ್ಯಾರೆ ಬ್ಯಾರೆ ಮಾಡೀವಿ. ಅರಿವಿಲೆ ಒರಸೂದು ಬಂದ್, ಜಾಳಿಗಿ ಸ್ಟ್ಯಾಂಡಿನ ಮ್ಯಾಲೆ ಬೋರಲು ಹಾಕಿ ಒಣಗಸ್ತೀವಿ.

ಕಾಡೂದು ನೀರು. ಮಲಪ್ರಭಾ ನೀರು ಬಂದ ದಿನ ಗ್ಲಾಸ್ ಫಳಫಳ. ಉಳದ ದಿನ ಬೋರಿನ ನೀರು, ಒಣಗಿದ ಮ್ಯಾಲೆ ಬಿಳಿ ಕಲಿ. ಬಿಸಿನೀರಿಗೆ ವಿನೆಗರ್ ಹಾಕಿ ನೆನಸಿದ್ರ ಸುಣ್ಣ ಬಿಡತೈತಿ, ಆದ್ರ ದಿನಾ ಅದನ್ನ ಮಾಡ್ಕೋತ ಕುಂದ್ರಾಕ ಆಗೂದಿಲ್ಲ.

ಗ್ಲಾಸಿನ ಸಿಂಕಿಗೆ ಅಷ್ಟ ಕೂಡಿಸೋ ಸಣ್ಣ ವಾಟರ್ ಸಾಫ್ಟನರ್ (ನೀರಿನ ಗಡಸು ತಗಿಯೋ ಮಷಿನ್) ಯಾರರ ಹಾಕ್ಸೀರೇನ್ರಿ? ಉಪ್ಪು ಎಷ್ಟು ದಿನಕ್ಕೊಮ್ಮೆ ತುಂಬಬೇಕು, ರಿಪೇರಿಗೆ ಕರದ್ರ ಬರ್ತಾರ? ಇನ್ನೊಂದು, ವಾಸನಿ ಇಲ್ಲದ, ತೊಳದ ಮ್ಯಾಲೆ ಜಿಡ್ಡು ಬಿಡದ ಬಾರ್ ಗ್ಲಾಸಿನ ಲಿಕ್ವಿಡ್ ಹುಬ್ಬಳ್ಳಿ-ಧಾರವಾಡದಾಗ ಎಲ್ಲಿ ಸಿಗತೈತಿ? ಪಾತ್ರಿ ತೊಳಿಯೋ ಲಿಂಬಿ ಸೋಪು ಹೇಳಬ್ಯಾಡ್ರಿ. ಗ್ಲಾಸ್ ತೊಳಿಯೋ ಮಷಿನ್ ತಗೋ ಅನ್ನೋರು ರೇಟೂ ಹೇಳ್ರಿ.