ಅಪ್ಪನ ಕಣ್ಣಿಗೆ ಲೆನ್ಸ್ ಹಾಕಿಸಬೇಕು, ಹಾಕಿಸಿಕೊಂಡವರು ಸ್ವಲ್ಪ ಹೇಳಿ

ದಾವಣಗೆರೆ ಮಗಳು:
ಅಪ್ಪನಿಗೆ 68. ಎರಡೂ ಕಣ್ಣಿಗೆ ಪೊರೆ ಬಂದಿದೆ. 15 ವರ್ಷದಿಂದ ಸಕ್ಕರೆ ಕಾಯಿಲೆ ಬೇರೆ. ಆಸ್ಪತ್ರೆಯಲ್ಲಿ ಮೂರು ಥರದ ಲೆನ್ಸ್ ತೋರಿಸಿ, ದುಬಾರಿಯದು ಹಾಕಿಸಿದರೆ ಕನ್ನಡಕವೇ ಬೇಡ ಎಂದರು. ಪಕ್ಕದ ಮನೆಯವರು "ನನಗೆ ಎರಡೇ ವರ್ಷಕ್ಕೆ ಪೊರೆ ವಾಪಸ್ ಬಂತು" ಎಂದು ಹೆದರಿಸಿ ಹೋದರು. ಹಾಕಿದ ಲೆನ್ಸ್ ಸರಿಹೋಗದಿದ್ದರೆ ಬದಲಾಯಿಸಬಹುದಾ? ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ.

ಹುಬ್ಬಳ್ಳಿ ಸೊಸೆ:
ಪಕ್ಕದ ಮನೆಯವರ ಮಾತು ಬಿಡಿ. ಪೊರೆ ಅಂದರೆ ಮಂಜಾದ ನಮ್ಮದೇ ಲೆನ್ಸ್. ಅದನ್ನು ತೆಗೆದ ಮೇಲೆ ವಾಪಸ್ ಬರಲಿಕ್ಕೆ ಅಲ್ಲಿ ಏನಿದೆ? ಹೊಸ ಲೆನ್ಸ್ ಕೂರಿಸುವ ತೆಳು ಚೀಲ ಇರುತ್ತದಲ್ಲ, ಅದರ ಹಿಂಭಾಗ ಕೆಲವರಿಗೆ ತಿಂಗಳುಗಳಾದ ಮೇಲೋ ವರ್ಷಗಳಾದ ಮೇಲೋ ಮಸುಕಾಗುತ್ತದೆ. ನಮ್ಮ ಅತ್ತೆಗೂ ಆಯಿತು. ಆ ಮಸುಕಾದ ಭಾಗ ತೆರೆಯಲು ಯಾಗ್ ಲೇಸರ್ ಮಾಡಿದರು. ಗದ್ದ ಊರಿ ಐದು ನಿಮಿಷ ಕೂತಿದ್ದರು, ನೋವಿಲ್ಲ, ಬಸ್ಸಲ್ಲೇ ಮನೆಗೆ ಬಂದೆವು.

ಅತ್ತೆಗೆ ಹಾಕಿಸಿದ್ದು ದೂರಕ್ಕೆ ಮಾತ್ರ ಕಾಣುವ ಸಾದಾ ಲೆನ್ಸ್. ಓದಲು ಕನ್ನಡಕ ಬೇಕು. ಮೊದಲ ಕಣ್ಣು ಆದ ಮೇಲೆ ಒಂದು ದಿನ ಹಿತ್ತಲಲ್ಲಿ ಒಣಗಲು ಹಾಕಿದ್ದ ಮಾವನ ಧೋತ್ರದ ಮುಂದೆ ನಿಂತು, ಈ ಕಣ್ಣು ಮುಚ್ಚಿ ನೋಡುವುದು, ಆ ಕಣ್ಣು ಮುಚ್ಚಿ ನೋಡುವುದು. ಹೊಸ ಕಣ್ಣಿಗೆ ನೀಲಿ ಹಾಕಿದ ಬಿಳಿ, ಹಳೇ ಕಣ್ಣಿಗೆ ಚಹಾದಲ್ಲಿ ಅದ್ದಿದ ಹಾಗೆ. "ಇಷ್ಟ್ ದಿನ ನಿನಗ ಒಗಿಯಾಕ ಬರಂಗಿಲ್ಲ ಅನ್ಕೊಂಡಿದ್ದೆ ನೋಡವಾ" ಅಂದರು. ನನಗಂತೂ ಅಷ್ಟಕ್ಕೇ ದುಡ್ಡು ವಸೂಲಾಯಿತು.

ಹಾಸನ ಟ್ಯಾಕ್ಸಿ:
ಆ ದುಬಾರಿ ಮಲ್ಟಿಫೋಕಲ್ ಹಾಕಿಸಿಕೊಂಡವನು ನಾನು. ವಯಸ್ಸು 57. ಪೇಪರ್, ಮೊಬೈಲ್ ಎಲ್ಲ ಬರಿಗಣ್ಣಲ್ಲಿ ಓದುತ್ತಿದ್ದೆ, ಸುಳ್ಳು ಹೇಳಲ್ಲ. ಆದರೆ ರಾತ್ರಿ ಶಿರಾಡಿ ಘಾಟಿಯಲ್ಲಿ ಎದುರು ಬರುವ ಲಾರಿಯ ಒಂದೊಂದು ಹೆಡ್‌ಲೈಟ್ ಸುತ್ತಲೂ ಬಳೆ ಬಳೆ. ಈ ಲೆನ್ಸ್ ಬರುವ ಬೆಳಕನ್ನೇ ಹತ್ತಿರಕ್ಕಿಷ್ಟು ದೂರಕ್ಕಿಷ್ಟು ಎಂದು ಹಂಚುತ್ತದೆ, ಅದಕ್ಕೇ ಹಾಗೆ. ಮೂರು ತಿಂಗಳು ಕಾಯಿರಿ, ಒಗ್ಗುತ್ತದೆ ಎಂದರು. ಜಾಸ್ತಿ ಜನಕ್ಕೆ ಒಗ್ಗುತ್ತದಂತೆ. ನನಗೆ ಒಗ್ಗಲಿಲ್ಲ. ರಾತ್ರಿ ಬಾಡಿಗೆ ಬಿಟ್ಟೆ.

ಒಂದು ಆಸ್ಪತ್ರೆಯಲ್ಲಿ ಯಾಗ್ ಲೇಸರ್ ಮಾಡಿ ನೋಡೋಣ ಎಂದರು. ಇನ್ನೊಬ್ಬ ಡಾಕ್ಟರ್ ತಡೆದರು, ಪುಣ್ಯ. ಲೇಸರ್ ಆ ಚೀಲದ ಹಿಂಭಾಗಕ್ಕೆ ತೂತು ಹಾಕುತ್ತದೆ, ಆಮೇಲೆ ಲೆನ್ಸ್ ಬದಲಾಯಿಸಲು ಹೋದರೆ ಕಣ್ಣಿನ ಹಿಂದಿನ ಲೋಳೆ ಮುಂದೆ ಬರುವ ಅಪಾಯ. ಹಾಗಂತ ಸುಮ್ನೆ ವರ್ಷಗಟ್ಟಲೆ ಕೂತರೂ ಚೀಲ ಲೆನ್ಸಿಗೆ ಅಂಟಿಕೊಳ್ಳುತ್ತದೆ. ನಾಲ್ಕನೇ ತಿಂಗಳು ಬದಲಾಯಿಸಿದರು. ಹಳೇ ಲೆನ್ಸನ್ನು ಕಣ್ಣೊಳಗೇ ಕತ್ತರಿಸಿ ಹೊರಗೆ ತೆಗೆದರು. ಮೊದಲ ಆಪರೇಷನ್ ಕಾಲು ಗಂಟೆ, ಇದು ಮುಕ್ಕಾಲು ಗಂಟೆ. ಒಂದು ವಾರ ಕಣ್ಣಿನ ಒತ್ತಡ ಏರಿ ಮಾತ್ರೆ ನುಂಗಿದೆ. ಈಗ ಬಳೆ ಇಲ್ಲ, ಓದಲು ಕನ್ನಡಕ ಬಂತು. ಇನ್ನೊಂದು ಕಣ್ಣಿಗೆ ಮೊದಲ ಸಲಕ್ಕೇ ಸಾದಾ ಲೆನ್ಸ್ ಹಾಕಿಸಿಬಿಟ್ಟೆ. ಬದಲಾಯಿಸಬಹುದು ಅಕ್ಕಾ, ಆದರೆ ಟೈರ್ ಬದಲಾಯಿಸಿದ ಹಾಗಲ್ಲ. ಸಕ್ಕರೆಯಿಂದ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ಕೆಟ್ಟಿದ್ದರೆ ಮಲ್ಟಿಫೋಕಲ್ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಮೊದಲು ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿ.

ತುಮಕೂರಿನವ:
ಹೆದರಿಸಲು ಅಲ್ಲ, ಆದರೂ ಹೇಳಲೇಬೇಕು. ನಮ್ಮ ಚಿಕ್ಕಮ್ಮನಿಗೆ ಆಪರೇಷನ್ ಆದ ಮೂರನೇ ದಿನ ಕಣ್ಣು ಕೆಂಪಾಗಿ ನೋವು ಶುರುವಾಯಿತು. ಮನೆಯಲ್ಲಿ ಗೌರಿ ಹಬ್ಬ. ಕೊಯ್ದ ಕಣ್ಣು ನೋಯದೆ ಇರುತ್ತಾ ಎಂದು ಎರಡು ದಿನ ಬಿಟ್ಟೆವು. ಒಳಗೆ ಸೋಂಕಾಗಿತ್ತು. ಕಣ್ಣಿನೊಳಗೇ ಇಂಜೆಕ್ಷನ್ ಕೊಟ್ಟರು. ಈಗ ಆ ಕಣ್ಣಲ್ಲಿ ಮುಂದೆ ಹಿಡಿದ ಬೆರಳು ಎಣಿಸುತ್ತಾರೆ, ಅಷ್ಟೇ. ಇದು ತುಂಬಾ ಅಪರೂಪ. ಆದರೆ ನೋವು ಏರಿ ದೃಷ್ಟಿ ಇಳಿದರೆ ಅವತ್ತೇ ಓಡಿ. ಮಿಂಚು ಹೊಡೆದ ಹಾಗೆ, ಪರದೆ ಇಳಿದ ಹಾಗೆ ಕಂಡರೂ ಅಷ್ಟೇ, ರೆಟಿನಾ ಕಳಚುತ್ತಿರಬಹುದು.

ಮೆಡಿಕಲ್ ಶಾಪ್:
ಅಪ್ಪ ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತಾರಾ? ಹಿಂದೆಂದೋ ತಗೊಂಡಿದ್ದರೂ ಕಣ್ಣಿನ ಡಾಕ್ಟರಿಗೆ ಹೇಳಿ. ಆಪರೇಷನ್ ನಡುವೆ ಪಾಪೆ ಕಿರಿದಾಗಿಬಿಡಬಹುದು. ಮೊದಲೇ ಗೊತ್ತಿದ್ದರೆ ತಯಾರಾಗಿರುತ್ತಾರೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಗದಗ ಮೇಷ್ಟ್ರು:
ನಮ್ಮ ಅಜ್ಜಿ ಡಾ. ಎಂ.ಸಿ. ಮೋದಿ ಅವರ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡವಳು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ಕಣ್ಣಿನ ಡಾಕ್ಟರ್ 1949ರಲ್ಲೇ ಕಣ್ಣೊಳಗೆ ಲೆನ್ಸ್ ಇಟ್ಟಿದ್ದರು, ಅಜ್ಜಿಗೆ ಸಿಕ್ಕಿದ್ದು ಮಾತ್ರ ಸೋಡಾ ಬಾಟಲಿ ತಳದಂಥ ಕನ್ನಡಕ. ಅದರಲ್ಲಿ ಎಲ್ಲ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತು. ಲೋಟ ಹಿಡಿಯಲು ಹೋಗಿ ಗಾಳಿ ಹಿಡಿಯುತ್ತಿದ್ದಳು. ಯಾವ ಲೆನ್ಸ್ ಆದರೂ ಹಾಕಿಸಿ ತಾಯಿ.

ದಾವಣಗೆರೆ ಮಗಳು:
ಮಾತ್ರೆ ಡಬ್ಬಿ ನೋಡಿದೆ. ಟ್ಯಾಮ್ಸುಲೋಸಿನ್ ಇದೆ! ಎರಡು ವರ್ಷದಿಂದ. ನಾವು ಹೇಳೇ ಇರಲಿಲ್ಲ. ಸೋಮವಾರ ಓಸಿಟಿ. ಸಾದಾ ಲೆನ್ಸೇ ಸಾಕು ಎಂದು ಅಪ್ಪನೂ ಒಪ್ಪಿದರು. ಅವರದು ಒಂದೇ ಪ್ರಶ್ನೆ ಈಗ, ತಲೆಗೆ ಸ್ನಾನ ಎಷ್ಟು ದಿನಕ್ಕೆ?

ಹುಬ್ಬಳ್ಳಿ ಸೊಸೆ:
ನಮಗೆ ಎರಡು ವಾರ ಎಂದಿದ್ದರು. ಅತ್ತೆ ಹತ್ತನೇ ದಿನಕ್ಕೇ ಜಗಳ ತೆಗೆದಿದ್ದರು.