ಪದಚರ್ಚೆ: ಗ್ರಾಮಫೋನಿನ ಸೌಂಡ್‌ಬಾಕ್ಸಿಗೆ ‘ಧ್ವನಿಪೆಟ್ಟಿಗೆ’ ಅನ್ನಬಹುದೇ?

ಬೀದರಿನಿಂದ ಪ್ರಶ್ನೆ: ಹಳೆಯ ಗ್ರಾಮಫೋನುಗಳ ಬಿಡಿಭಾಗಗಳಿಗೆ ಕನ್ನಡದಲ್ಲಿ ಚೀಟಿ ಬರೆಯುತ್ತಿದ್ದೇವೆ. ಸೂಜಿಯ ಅದುರುವಿಕೆಯನ್ನು ದನಿಯಾಗಿಸುವ ದುಂಡು ಡಬ್ಬಿಯಾದ ಸೌಂಡ್‌ಬಾಕ್ಸಿಗೆ ‘ಧ್ವನಿಪೆಟ್ಟಿಗೆ’, ಅದರೊಳಗೆ ಅದುರುವ ತೆಳು ಹಾಳೆಯಾದ ಡಯಾಫ್ರಮ್ಮಿಗೆ ‘ವಪೆ’, ಅಗ್ಗದ ಎರಕದ ಲೋಹವಾದ ಪಾಟ್ ಮೆಟಲ್ಲಿಗೆ ‘ಮಡಕೆ ಲೋಹ’ ಎಂದು ಹಾಕಿದ್ದೇವೆ. ಸರಿ ಅದಾವೇನ್ರಿ?

ಕಲಬುರಗಿಯಿಂದ ಉತ್ತರ: ಮೂರೂ ಬೇಡ್ರಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಧ್ವನಿಪೆಟ್ಟಿಗೆ ಅಂದರೆ ಗಂಟಲಿನ ಭಾಗ, ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು. ‘ಸೌಂಡ್‌ಬಾಕ್ಸ್’ ಎಂದೇ ಇರಲಿ. ಆದರೆ ಕಿರಾಣಿ ಅಂಗಡಿಯಲ್ಲಿ ದುಡ್ಡು ಬಂತೆಂದು ಕೂಗುವ ಡಬ್ಬಿಗೂ ಈಗ ಅದೇ ಹೆಸರು ಬಿದ್ದಿದೆ. ಅದಕ್ಕೆ ‘ಗ್ರಾಮಫೋನ್ ಸೌಂಡ್‌ಬಾಕ್ಸ್’ ಎಂದು ಪೂರ್ತಿ ಬರೆಯಿರಿ.

ಡಯಾಫ್ರಮ್ಮಿಗೆ ‘ಹಾಳೆ’ ಸಾಕು. ಯಾವುದರ ಹಾಳೆ ಎಂಬುದನ್ನು ಮಾತ್ರ ಬಿಡಬೇಡಿ, ಗುರುತು ಸಿಗುವುದೇ ಅಲ್ಲಿ. ಎಚ್‌ಎಂವಿ ಕಂಪನಿಯ ಎಕ್ಸಿಬಿಷನ್, ನಂ. 2, ನಂ. 4 ಮಾದರಿಯ ಸೌಂಡ್‌ಬಾಕ್ಸುಗಳಲ್ಲಿರುವುದು ಮೈಕಾ. ಅದಕ್ಕೆ ಕನ್ನಡದಲ್ಲಿ ‘ಕಾಗೆಬಂಗಾರ’ ಎಂಬ ಚೆಂದದ ಪದವಿದೆ, ‘ಅಭ್ರಕ’ವೂ ನಡೆಯುತ್ತದೆ. 5ಎ, 5ಬಿಗಳಲ್ಲಿ ಅಲ್ಯುಮಿನಿಯಂ ಮಿಶ್ರಲೋಹದ ಹಾಳೆ. 1925ರಲ್ಲಿ ವಿದ್ಯುತ್ ಮುದ್ರಣ ಶುರುವಾಗುವ ಮುಂಚೆ, ಮೈಕಿಲ್ಲದೆ ಕಹಳೆಯ ಮುಂದೆ ಹಾಡಿಸಿ ಮಾಡಿದ ಪ್ಲೇಟುಗಳಿಗೆ ಕಾಗೆಬಂಗಾರ ಹೊಂದುತ್ತದೆ; ವಿದ್ಯುತ್ ಮುದ್ರಣದ ಪ್ಲೇಟುಗಳಿಗೆ ಅಲ್ಯುಮಿನಿಯಮ್ಮೇ ಮೇಲು.

ಕಾಗೆಬಂಗಾರದ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸಂಸ್ಕೃತದಲ್ಲಿ ಅಭ್ರ ಅಂದರೆ ಮೋಡ. ಕೆಟ್ಟ ಹಾಳೆಯಲ್ಲಿ ಕಾಣುವುದೂ ಮೋಡದಂಥ ಬಿಳಿ ಕಲೆಯೇ. ಅದಕ್ಕೆ ‘ಒಡೆದಿದೆ’ ಅನ್ನಬಾರದು, ‘ಪದರ ಬಿಟ್ಟಿದೆ’ ಅನ್ನಬೇಕು. ಪದರ ಬಿಟ್ಟ ಹಾಳೆ ಏರುದನಿಯಲ್ಲಿ ಗುಂಯ್‌ಗುಡುತ್ತದೆ, ಅದನ್ನು ಬದಲಿಸಲೇಬೇಕು.

‘ಮಡಕೆ ಲೋಹ’ ಅಂದರೆ ಯಾರಿಗೂ ಏನೂ ತಿಳಿಯದು. ನಿಮ್ಮೂರಿನ ಬಿದರಿ ಕೆಲಸದವರ ಬಾಯಲ್ಲೇ ಪದವಿದೆ: ಜಸ್ತ, ಅಂದರೆ ಸತು. ಅವರ ಎರಕದಲ್ಲಿ ಸತು ಬಹಳ, ತಾಮ್ರ ಸ್ವಲ್ಪ. ಕೆಲವು ಸೌಂಡ್‌ಬಾಕ್ಸುಗಳ ಮೈಯೂ ಸತುವಿನದೇ, ಆದರೆ ಆ ಕಾಲದ ಸತುವಿನಲ್ಲಿ ಸೀಸದ ಅಂಶ ಉಳಿದಿರುತ್ತಿತ್ತು. ತೇವ ತಗುಲಿದಂತೆ ಲೋಹ ಒಳಗಿನಿಂದಲೇ ಸವೆದು, ಉಬ್ಬಿ, ಬಿರುಕು ಬಿಡುತ್ತದೆ. ಅಂಥದ್ದಕ್ಕೆ ‘ಜಸ್ತದ ಎರಕ’ ಎಂದು ಬರೆದರೆ ಕೈಗೆತ್ತಿಕೊಂಡವರು ತಿರುಪು ಬಿಚ್ಚಲು ಬಲ ಹಾಕುವುದಿಲ್ಲ. ಹಿತ್ತಾಳೆಯೋ ಜಸ್ತವೋ ನೋಡಲು ಅಯಸ್ಕಾಂತ ಉಪಯೋಗವಿಲ್ಲ, ಎರಡಕ್ಕೂ ಅಂಟದು. ಸೌಂಡ್‌ಬಾಕ್ಸನ್ನು ಗ್ರಾಮಫೋನಿನ ತೋಳಿಗೆ ಸಿಕ್ಕಿಸುವ ಕತ್ತಿನ ಒಳಗೆ ಕಾಣದ ಕಡೆ ಸಣ್ಣಗೆ ಗೀರಿ: ಹಳದಿ ಬಂದರೆ ಹಿತ್ತಾಳೆ, ಬೂದಿ ಬಣ್ಣ ಬಂದರೆ ಜಸ್ತ.

ನೀವು ಕೇಳದ ಇನ್ನೊಂದು ಪದ ಗ್ಯಾಸ್ಕೆಟ್. ಇದನ್ನು ‘ವಾಶರ್’ ಅಂದದ್ದಕ್ಕೇ ಎಷ್ಟೋ ಕಡೆ ಚಪ್ಪಟೆ ರಬ್ಬರ್ ಹಾಕಿ ದನಿ ಕೆಡಿಸಿದ್ದಾರೆ. ಅದು ಒಳಗೆ ಟೊಳ್ಳಾದ ತೆಳು ನಳಿಗೆ; ‘ರಬ್ಬರ್ ನಳಿಗೆ’ ಎಂದೇ ಬರೆಯಿರಿ. ಹಾಳೆಯ ಅಂಚಿಗೆ ಹಿಂದೊಂದು, ಮುಂದೊಂದು ಕೂರುತ್ತದೆ. ಗಟ್ಟಿಯಾಗಿದ್ದರೆ ದನಿ ಕರಕರ ಅನ್ನುತ್ತದೆ. ಹೊಸದು ಹಾಕುವಾಗ ತುದಿಗೆ ತುದಿ ಸರಿಯಾಗಿ ತಾಗಬೇಕು: ಸಂದು ಬಿಟ್ಟರೆ ಗಾಳಿ ಸೋರಿ ಮಂದ್ರ ಹೋಗುತ್ತದೆ, ಒಂದರ ಮೇಲೊಂದು ಬಂದರೆ ಹಾಳೆ ಒಂದು ಕಡೆ ಒತ್ತಿ ಹಿಡಿಯುತ್ತದೆ. ಹಿಂಬದಿಯ ತಿರುಪುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಸೂಜಿಯನ್ನು ಕಚ್ಚಿಕೊಂಡು ಹಾಳೆಯ ನಡುವಿಗೆ ಬರುವ ಕಡ್ಡಿಗೆ ‘ಸೂಜಿಹಿಡಿ’ ಆಗಬಹುದು. ನಡುತಿರುಪು ಹಾಕುವ ಮೊದಲು ಅದರ ತುದಿ ತಾನಾಗಿಯೇ ಹಾಳೆಯ ತೂತಿಗೆ ಬಂದು ನಿಲ್ಲಬೇಕು. ಎಳೆದು ಕೂರಿಸಿದರೆ ಹಾಳೆ ಸದಾ ಬಿಗಿದಿದ್ದು ದನಿ ಕೀರಲಾಗುತ್ತದೆ. ಕೊನೆಗೆ ಅಲ್ಲಿಗೊಂದು ಹನಿ ಜೇನುಮೇಣ. ಮೇಣ ಕರಗುವುದು 62–64 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕೂ ಮುಂಚೆ. ನಮ್ಮ ಮೇ ತಿಂಗಳ ಬಿಸಿಲಿಗೆ ಇಡಬೇಡಿ. ಅರಗಿನ ಪ್ಲೇಟೂ ಬಾಗುತ್ತದೆ.

ಉಕ್ಕಿನ ಸೂಜಿ ಪ್ಲೇಟಿನ ಒಂದು ಮಗ್ಗುಲಿಗೆ ಒಂದು, ಮತ್ತೆ ಬಳಸಿದರೆ ಗೆರೆಗಳು ಹಾಳು. ಪಾಥೆ ಎಂಬ ಫ್ರೆಂಚ್ ಕಂಪನಿಯ ಹಳೆಯ ಸೌಂಡ್‌ಬಾಕ್ಸಿನಲ್ಲಿ ಸೂಜಿ ಇರುವುದಿಲ್ಲ, ದುಂಡು ತುದಿಯ ನೀಲದ ಹರಳಿರುತ್ತದೆ. ಅದರ ಹಾಳೆಯ ಮುಖ ಪಕ್ಕಕ್ಕಲ್ಲ, ಪ್ಲೇಟಿನ ಕಡೆಗೆ; ಅದಕ್ಕೆ ಹೊಂದುವ ಪ್ಲೇಟಿನ ಗೆರೆ ಅಕ್ಕಪಕ್ಕಕ್ಕಲ್ಲ, ಮೇಲೆ ಕೆಳಗೆ ಏರಿಳಿಯುತ್ತದೆ. ಅಂಥದ್ದು ಸಿಕ್ಕರೆ ಚೀಟಿಯಲ್ಲಿ ‘ಏರಿಳಿತದ ಗೆರೆಯ ಪ್ಲೇಟಿಗೆ ಮಾತ್ರ’ ಎಂದು ಸೇರಿಸಿ.